ಅಡಿಲೇಡ್‌ನಿಂದ ಉಲುರುವಿಗೆ: ಕ್ಯಾರವಾನ್ ಪ್ರವಾಸಕ್ಕೆ ಹೊರಡುವ ಕುಟುಂಬಗಳಿಗೆ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಶಾಲಾ ರಜೆ ಬಂತೆಂದರೆ ಕಾರಿನ ಹಿಂದೆ ಕ್ಯಾರವಾನ್ (ಗಾಲಿಗಳ ಮೇಲಿನ ಪುಟ್ಟ ಮನೆ) ಕಟ್ಟಿಕೊಂಡು ಒಳನಾಡಿನ ಕೆಂಪು ನೆಲವನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ಮೂಡುವುದು ಸಹಜ. ಅಡಿಲೇಡ್‌ನಿಂದ ದೇಶದ ನಡುಭಾಗದಲ್ಲಿರುವ ದೈತ್ಯ ಕೆಂಪು ಬಂಡೆ ಉಲುರುವಿಗೆ ಸುಮಾರು 1,600 ಕಿ.ಮೀ. ದೂರವಿದ್ದು, ಅದರ ಬಹುಭಾಗ ಸ್ಟುವರ್ಟ್ ಹೆದ್ದಾರಿಯಲ್ಲೇ ಸಾಗುತ್ತದೆ. ರಸ್ತೆ ಉದ್ದಕ್ಕೂ ಡಾಂಬರು ಕಂಡದ್ದೇ. ಕಷ್ಟವಿರುವುದು ರಸ್ತೆಯಲ್ಲಲ್ಲ, ಬಿಸಿಲು, ಭಾರ ಮತ್ತು ದೂರ ಈ ಮೂರೂ ಒಟ್ಟಿಗೆ ಸೇರುವುದರಲ್ಲಿ. ಆದ್ದರಿಂದ ದಿನದ ಓಟವನ್ನು ಚಿಕ್ಕದಾಗಿಟ್ಟುಕೊಳ್ಳಬೇಕೆಂಬುದೇ ನನ್ನ ಮೊದಲ ಮತ್ತು ಮುಖ್ಯ ಸಲಹೆ.

ಕಾಲದ ಆಯ್ಕೆಯಲ್ಲಿ ರಾಜಿ ಬೇಡ. ಈ ಹೆದ್ದಾರಿಯಿಂದ ಹೆಚ್ಚು ದೂರವಿಲ್ಲದ ಊಡ್ನಡಟ್ಟದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯಲ್ಲಿ ಬಿಸಿಲಷ್ಟೇ ಅಲ್ಲ, ಮಳೆಯೂ ಅಡ್ಡ ಬರಬಹುದು. 2022ರ ಜನವರಿಯಲ್ಲಿ ಗ್ಲೆಂಡಾಂಬೊ ಬಳಿ ನೀರು ನುಗ್ಗಿ ಹೆದ್ದಾರಿಯೇ ಮುಚ್ಚಿಹೋಗಿತ್ತು. ಚಿಕ್ಕ ಮಕ್ಕಳಿರುವವರು ಮೇ ತಿಂಗಳಿಂದ ಆಗಸ್ಟ್‌ವರೆಗಿನ ಅವಧಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಜುಲೈ ರಜೆಯಲ್ಲಿ ಉಲುರುವಿನ ಪಕ್ಕದ ತಂಗುವ ಊರಾದ ಯುಲಾರದ ಕ್ಯಾಂಪ್ ಜಾಗಗಳು ಬೇಗ ತುಂಬುವುದರಿಂದ ಮೊದಲೇ ಕಾಯ್ದಿರಿಸಿ. ಆ ದಿನಗಳಲ್ಲಿ ರಾತ್ರಿ ಕೊರೆಯುವ ಚಳಿ ಇರುತ್ತದೆ, ಕಂಬಳಿ ಮರೆಯಬಾರದು.

ಹೊರಡುವ ಮುನ್ನ ಹೆಚ್ಚು ಸಮಯ ಕೊಡಬೇಕಾದ ವಿಷಯ ಭಾರ. ಪ್ರತಿ ಕ್ಯಾರವಾನ್‌ನ ಮೇಲೂ ಅದು ಹೊರಬಹುದಾದ ಗರಿಷ್ಠ ತೂಕವನ್ನು ಕೆತ್ತಿದ ತಗಡು ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಅದು ಎಳೆಯಬಹುದಾದ ತೂಕದ ಮಿತಿ ಇರುತ್ತದೆ. ಎರಡನ್ನೂ ಓದಿ, ಸಾಮಾನು ತುಂಬಿದ ಮೇಲೆ ತೂಕದ ಕಟ್ಟೆಗೆ ಒಯ್ದು ತೂಗಿಸಿ. ತಲಾ 80 ಲೀಟರಿನ ಎರಡು ತೊಟ್ಟಿಗಳನ್ನು ತುಂಬಿಸಿದರೆ ನೀರೊಂದೇ 160 ಕೆ.ಜಿ. ಆಗುತ್ತದೆ ಎಂಬುದನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಕ್ಕಿ, ಬೇಳೆ, ಡಬ್ಬಿಗಳಂಥ ಭಾರದ ವಸ್ತುಗಳು ಕೆಳಗೆ, ಗಾಲಿಯ ಅಚ್ಚಿನ ನೇರಕ್ಕೆ ಇರಬೇಕು. ಮಕ್ಕಳ ಸೈಕಲ್‌ಗಳನ್ನು ಹಿಂಬದಿಗೆ ನೇತುಹಾಕಿದರೆ ಬಾಲ ಭಾರವಾಗಿ, ವೇಗ ಹೆಚ್ಚಿದಂತೆ ಇಡೀ ಕ್ಯಾರವಾನ್ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಹಾಗೆ ಓಲಾಡಿದಾಗ ಕಾರಿನ ಬ್ರೇಕನ್ನು ಬಲವಾಗಿ ಒತ್ತಬಾರದು, ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲೂ ಹೋಗಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಚಾಲಕನ ಮುಂದಿರುವ ಗುಂಡಿಯಿಂದ ಕ್ಯಾರವಾನ್‌ನ ವಿದ್ಯುತ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ಖಾಲಿ ಮೈದಾನದಲ್ಲಿ ಆ ಗುಂಡಿ ಎಲ್ಲಿದೆ ಎಂಬುದು ಬೆರಳಿಗೆ ರೂಢಿಯಾಗುವವರೆಗೂ ಅಭ್ಯಾಸ ಮಾಡಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಕದಲುವ ಮೊದಲೇ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ; ಅದನ್ನು ಕಂಡು ಗಾಳಿ ಬಿಟ್ಟರೆ ಟೈರು ಇನ್ನಷ್ಟು ಕಾದು ಸಿಡಿಯುವ ಅಪಾಯವಿದೆ. ನಿಂತಲ್ಲೆಲ್ಲ ಕ್ಯಾರವಾನ್‌ನ ಪ್ರತಿ ಗಾಲಿಯ ನಡುಭಾಗದ ಹತ್ತಿರ ಅಂಗೈ ಒಡ್ಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎಲ್ಲ ಗಾಲಿಗಳೂ ಒಂದೇ ಬಗೆಯಲ್ಲಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸುಟ್ಟ ಗ್ರೀಸಿನ ವಾಸನೆ ಬಂದರೆ, ಅಲ್ಲಿನ ಬೇರಿಂಗ್ ಅಥವಾ ಬ್ರೇಕ್ ಕೈಕೊಡುತ್ತಿದೆ ಎಂದು ತಿಳಿದು ಮುಂದಕ್ಕೆ ಓಡಿಸದಿರಿ.

ಇನ್ನು ದಾರಿಯ ಹಂಚಿಕೆ. ಅಡಿಲೇಡ್‌ನಿಂದ ಪೋರ್ಟ್ ಆಗಸ್ಟ, ಅಲ್ಲಿಂದ ಗ್ಲೆಂಡಾಂಬೊ, ಕೂಬರ್ ಪೀಡಿ, ಮಾರ್ಲ, ಎರ್ಲ್‌ಡಂಡ, ಕೊನೆಗೆ ಯುಲಾರ ಎಂದು ಆರು ಹಗಲುಗಳಾಗಿ ಹಂಚಿಕೊಂಡರೆ ದಿನಕ್ಕೆ 250ರಿಂದ 300 ಕಿ.ಮೀ. ಆಸುಪಾಸಿನಲ್ಲೇ ಮುಗಿಯುತ್ತದೆ. ಗ್ಲೆಂಡಾಂಬೊ ಮತ್ತು ಕೂಬರ್ ಪೀಡಿ ನಡುವಿನ ಸುಮಾರು 250 ಕಿ.ಮೀ.ನಲ್ಲಿ ಇಂಧನ ಸಿಗುವುದಿಲ್ಲ. ಭಾರ ಎಳೆಯುವ ಕಾರು, ಅದರಲ್ಲೂ ಎದುರುಗಾಳಿ ಇದ್ದರೆ, ಎಂದಿಗಿಂತ ಬಹಳ ಹೆಚ್ಚು ಕುಡಿಯುತ್ತದೆ. ಹಾಗಾಗಿ ಸಿಕ್ಕಿದ ಕಡೆಯಲ್ಲೆಲ್ಲ ಟ್ಯಾಂಕ್ ತುಂಬಿಸಿ, ಮುಂದಿನ ರೋಡ್‌ಹೌಸ್ (ಹೆದ್ದಾರಿ ಬದಿಯ ಇಂಧನ, ಊಟದ ತಾಣ) ತೆರೆದಿದೆಯೇ ಎಂದು ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ. ಕೂಬರ್ ಪೀಡಿಯಲ್ಲಿ ಒಂದು ದಿನ ತಂಗಲೇಬೇಕು. 1915ರಲ್ಲಿ ಓಪಲ್ ಎಂಬ ರತ್ನ ಸಿಕ್ಕ ಆ ಊರಿನಲ್ಲಿ ಜನ ಬಿಸಿಲಿಗೆ ಅಂಜಿ ನೆಲದೊಳಗೆ ಮನೆ ಕೊರೆದುಕೊಂಡಿದ್ದಾರೆ. ಒಳಗೆ ಕಾಲಿಟ್ಟೊಡನೆ ಆವರಿಸುವ ತಂಪು ಮಕ್ಕಳಿಗೆ ಎಂದೂ ಮರೆಯದ ಪಾಠವಾಗುತ್ತದೆ.

ಸಂಜೆ ನಾಲ್ಕಕ್ಕೆಲ್ಲ ಗಾಡಿ ನಿಲ್ಲಿಸಿಬಿಡಿ. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಂಗರೂಗಳೂ ಬೇಲಿಯಿಲ್ಲದ ದನಗಳೂ ರಸ್ತೆಗೆ ಬರುತ್ತವೆ. ಹಗಲಿನಲ್ಲಿ ಎದುರಾಗುವುದು ರೋಡ್ ಟ್ರೈನ್‌ಗಳು, ಅಂದರೆ ಹಲವು ಟ್ರೇಲರ್‌ಗಳನ್ನು ಎಳೆಯುವ ಉದ್ದನೆಯ ಲಾರಿಗಳು. ಕೆಲವು 53.5 ಮೀಟರ್ ಉದ್ದವಿರುತ್ತವೆ. ಅದು ಎದುರಿಗೆ ಬಂದಾಗ ವೇಗ ತುಸು ತಗ್ಗಿಸಿ, ಎರಡೂ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದು, ಎಡ ಅಂಚಿಗೆ ಸರಿದು ಆದರೆ ಡಾಂಬರು ಬಿಡದೆ ಸಾಗಿ; ಮೊದಲು ಗಾಳಿ ಕ್ಯಾರವಾನನ್ನು ಆಚೆ ನೂಕಿ, ಲಾರಿ ದಾಟಿದ ಮೇಲೆ ಈಚೆ ಎಳೆಯುತ್ತದೆ. ಯು.ಎಚ್.ಎಫ್. ರೇಡಿಯೊ ಇದ್ದರೆ 40ನೇ ಚಾನಲ್‌ನಲ್ಲಿ ಲಾರಿ ಚಾಲಕರೊಡನೆ ಮಾತನಾಡಬಹುದು.

ಚಲಿಸುವಾಗ ಯಾರೂ ಕ್ಯಾರವಾನ್ ಒಳಗಿರುವಂತಿಲ್ಲ, ಅದು ಕಾನೂನು. ನಿಲ್ಲಿಸುವಾಗ ಒಂದು ಮಾತು ನೆನಪಿಡಿ: ಇದು ದಕ್ಷಿಣ ಗೋಳಾರ್ಧ, ನಡುಹಗಲ ಸೂರ್ಯ ಉತ್ತರದಲ್ಲಿರುತ್ತಾನೆ. ಫ್ರಿಜ್‌ನ ಬೆನ್ನಿರುವ ಗೋಡೆ ದಕ್ಷಿಣಕ್ಕೋ ಪೂರ್ವಕ್ಕೋ ಬರುವಂತೆ ನಿಲ್ಲಿಸಿದರೆ ಹಾಲು, ಮೊಸರು ಉಳಿಯುತ್ತವೆ. ಗ್ಯಾಸಿನಿಂದ ನಡೆಯುವ ಫ್ರಿಜ್‌ಗಳಂತೂ ಬಿಸಿಲೇರಿದರೆ ಸೋಲುತ್ತವೆ. ಅದಕ್ಕೇ ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗಳಂಥ ಕೆಡದ ತಿನಿಸುಗಳೇ ಈ ದಾರಿಗೆ ಹೇಳಿ ಮಾಡಿಸಿದಂಥವು. ಮಕ್ಕಳು ಬಾಯಾರಿಕೆ ಎನ್ನುವವರೆಗೂ ಕಾಯದೆ ಗಂಟೆಗೊಮ್ಮೆ ನೀರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕುಡಿಸಿ. ಮೂತ್ರ ಗಾಢ ಹಳದಿಯಾಗಿದ್ದರೆ, ಮಗು ಮಂಕಾಗಿದ್ದರೆ ಆ ದಿನದ ಪ್ರಯಾಣ ಅಲ್ಲಿಗೇ ನಿಲ್ಲಲಿ. ತೊಟ್ಟಿಯ ನೀರಲ್ಲದೆ ಪ್ರತಿಯೊಬ್ಬರಿಗೂ ಕನಿಷ್ಠ 10 ಲೀಟರ್ ಕುಡಿಯುವ ನೀರು ಕಾರಿನಲ್ಲೇ ಇರಲಿ.

ಗಾಡಿ ಕೆಟ್ಟರೆ ಯಾವ ಕಾರಣಕ್ಕೂ ಅದನ್ನು ಬಿಟ್ಟು ನಡೆದುಹೋಗಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ವಾಹನ ಬೇಗ ಕಾಣುತ್ತದೆ, ನೆರಳೂ ನೀರೂ ಅಲ್ಲೇ ಇರುತ್ತವೆ. ತುರ್ತು ಸಂಖ್ಯೆ 000. ಊರುಗಳ ನಡುವೆ ಮೊಬೈಲ್ ಸಂಕೇತ ಸಿಗದ ಕಾರಣ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುವ ತುರ್ತು ಬೀಕನ್ ಒಂದನ್ನು ಬಾಡಿಗೆಗೆ ಪಡೆಯಿರಿ.

ಉಲುರುವನ್ನು ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಷಿದ್ಧ. ಅದು ಆ ನೆಲದ ಮೂಲನಿವಾಸಿಗಳಾದ ಅನಂಗು ಜನರ ಪವಿತ್ರ ಸ್ಥಳ. ಫೋಟೊ ತೆಗೆಯಬಾರದೆಂಬ ಫಲಕವಿರುವಲ್ಲಿ ತೆಗೆಯಬೇಡಿ. ಬುಡದ ಸುತ್ತಿನ ಹತ್ತು ಕಿ.ಮೀ. ನಡಿಗೆಯನ್ನು ಬೆಳಗಾಗುತ್ತಲೇ ಆರಂಭಿಸಿ. ಹತ್ತಿರದ ಬಂಡೆಗುಡ್ಡಗಳ ಗುಂಪಾದ ಕಟ ಜುಟದಲ್ಲಿ ಮುನ್ಸೂಚನೆ 36 ಡಿಗ್ರಿ ಮುಟ್ಟಿದ ದಿನ ‘ವ್ಯಾಲಿ ಆಫ್ ದ ವಿಂಡ್ಸ್’ ಎಂಬ ಕಣಿವೆಯ ನಡಿಗೆ ದಾರಿಯ ಮುಂದಿನ ಭಾಗವನ್ನು ಬೆಳಿಗ್ಗೆ 11ಕ್ಕೆ ಮುಚ್ಚುತ್ತಾರೆ. ಮರಳುವಾಗ ಹಣ್ಣಿನ ನೊಣದ ನಿಯಮ ಕಟ್ಟುನಿಟ್ಟು: ತಾಜಾ ಹಣ್ಣುಗಳನ್ನು ದಕ್ಷಿಣ ಆಸ್ಟ್ರೇಲಿಯಾದ ಗಡಿ ದಾಟಿಸುವಂತಿಲ್ಲ. ಯುಲಾರದಲ್ಲಿ ಕೊಂಡದ್ದನ್ನು ಗಡಿಗೆ ಮುಂಚೆ ಸಿಗುವ ಕುಲ್ಗೆರದಲ್ಲಿ ಕುಳಿತು ತಿಂದು ಮುಗಿಸಿ, ನಂತರ ದಕ್ಷಿಣಕ್ಕೆ ಹೊರಡಿ.