ಮಾರ್ಟ್‌ಗೇಜ್: ಪದದ ಅರ್ಥ ಮತ್ತು ಕಾಗದಪತ್ರದಲ್ಲಿ ಅದರ ಬಳಕೆ

ಕಲಬುರಗಿ, ಬೀದರ, ಯಾದಗಿರಿಯ ಹಳೆಯ ಮನೆಗಳ ಟ್ರಂಕುಗಳಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳು ಇಂದಿಗೂ ಸಿಗುತ್ತವೆ. ಅವುಗಳಲ್ಲಿ ರೆಹನ್ ಎಂದು ಬರೆದಿರುವ ವ್ಯವಹಾರವನ್ನೇ ಇಂದು ನೋಂದಣಿ ಕಚೇರಿಯಲ್ಲಿ ಅಡಮಾನವೆಂದೂ ಬ್ಯಾಂಕಿನಲ್ಲಿ ಮಾರ್ಟ್‌ಗೇಜ್ ಎಂದೂ ಕರೆಯುತ್ತಾರೆ. ಸಾಲಕ್ಕೆ ಭದ್ರತೆಯಾಗಿ ಹೊಲ, ಮನೆ, ನಿವೇಶನದಂಥ ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಕೊಡುವುದೇ ಇದರ ಅರ್ಥ. ಬಂಗಾರವನ್ನು ಇಟ್ಟು ಹಣ ತರುವುದು ಗಿರವಿಯೇ ಹೊರತು ಮಾರ್ಟ್‌ಗೇಜ್ ಅಲ್ಲ.

ಈ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಮೊರ್ ಎಂದರೆ ಸತ್ತದ್ದು, ಗಾಜ್ ಎಂದರೆ ಒತ್ತೆ. ಮಧ್ಯಯುಗದಲ್ಲಿ ಭೂಮಿಯ ಫಲ ಸಾಲದ ಅಸಲಿಗೆ ಜಮೆಯಾಗಿ ಸಾಲ ತಾನಾಗಿಯೇ ಕರಗುತ್ತಿದ್ದರೆ ಅದನ್ನು ಜೀವಂತ ಒತ್ತೆ ಎನ್ನುತ್ತಿದ್ದರು. ಫಲವೆಲ್ಲ ಸಾಲ ಕೊಟ್ಟವನಿಗೇ ಸೇರಿ ಅಸಲು ಇದ್ದಲ್ಲೇ ಉಳಿದರೆ ಅದು ಸತ್ತ ಒತ್ತೆ. ನಮ್ಮ ಕಡೆ ಹೊಲವನ್ನು ಭೋಗ್ಯಕ್ಕೆ ಕೊಟ್ಟು, ವರ್ಷವರ್ಷವೂ ತೊಗರಿ ಇನ್ನೊಬ್ಬರ ಮನೆ ಸೇರುವುದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಉಚ್ಚಾರಣೆಯಲ್ಲಿ ನಡುವಿನ ಟಕಾರ ಕೇಳಿಸುವುದಿಲ್ಲವಾದರೂ ಕನ್ನಡದಲ್ಲಿ ಮಾರ್ಟ್‌ಗೇಜ್ ಎಂಬ ರೂಪವೇ ರೂಢಿಯಾಗಿದೆ.

ಬಳಸುವಾಗ ಯಾರು ಏನನ್ನು ಕೊಡುತ್ತಾರೆ ಎಂಬುದು ಸ್ಪಷ್ಟವಿರಬೇಕು. "ಬ್ಯಾಂಕಿನವರು ನನಗೆ ಮಾರ್ಟ್‌ಗೇಜ್ ಕೊಟ್ಟರು" ಎನ್ನುವುದು ತಪ್ಪು. ಬ್ಯಾಂಕು ಕೊಡುವುದು ಸಾಲ. ಅಡಮಾನ ಕೊಡುವವರು ಆಸ್ತಿಯ ಒಡೆಯರು. ಅರ್ಜಿ ಬರೆಯುವಾಗ "ನನ್ನ ಜಮೀನನ್ನು ಅಡಮಾನ ಮಾಡಿ ಸಾಲ ಪಡೆದಿದ್ದೇನೆ" ಎಂದು ಬರೆಯಬೇಕು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಕಲಮು ಅಡಮಾನದಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಸ್ವಾಧೀನ ಬಿಟ್ಟುಕೊಡದ ಸಾದಾ ಅಡಮಾನ, ಸ್ವಾಧೀನ ಕೊಡುವ ಭೋಗ್ಯದ ಅಡಮಾನ, ಹಕ್ಕುಪತ್ರಗಳನ್ನು ಠೇವಣಿ ಇಡುವ ಅಡಮಾನ ಇವು ಹೆಚ್ಚಾಗಿ ಎದುರಾಗುವಂಥವು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಷರತ್ತಿನ ಮಾರಾಟದ ರೂಪದ ಅಡಮಾನಕ್ಕೆ. ಹಣ ತೀರಿಸಿದರೆ ಹೊಲ ಮರಳಿ ಕೊಡುತ್ತೇನೆಂದು ಬಾಯಿಮಾತಿನಲ್ಲಿ ಹೇಳಿ ಖರೀದಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಸಾಲಿಗರಿದ್ದಾರೆ. ಮರಳಿ ಕೊಡುವ ಷರತ್ತು ಅದೇ ಪತ್ರದೊಳಗೆ ಬರೆದಿರದಿದ್ದರೆ ಕಾಯಿದೆ ಅದನ್ನು ಅಡಮಾನವೆಂದು ಎಣಿಸುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದುಕೊಂಡ ಕರಾರೂ ಸಾಲದು. ಪತ್ರದ ತಲೆಬರಹಕ್ಕಿಂತ ಒಳಗಿನ ಮಾತು ಮುಖ್ಯವಾದ್ದರಿಂದ ಸಹಿಗೆ ಮೊದಲು ಪೂರ್ತಿಯಾಗಿ ಓದಿಸಿ ಕೇಳಿರಿ. ನಿಜವಾದ ಅಡಮಾನವಾದರೆ 60ನೆಯ ಕಲಮಿನಂತೆ ಸಾಲ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ನಿಮ್ಮದಾಗಿರುತ್ತದೆ. ಆ ಹಕ್ಕನ್ನೇ ಕಸಿಯುವ ಷರತ್ತನ್ನು ನ್ಯಾಯಾಲಯಗಳು ಮಾನ್ಯ ಮಾಡುವುದಿಲ್ಲ.

100 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಅಸಲಿನ ಅಡಮಾನವನ್ನು, ಹಕ್ಕುಪತ್ರ ಠೇವಣಿಯ ಬಗೆಯೊಂದನ್ನು ಬಿಟ್ಟು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು. ಭೋಗ್ಯಕ್ಕೆ ಕೊಟ್ಟು 30 ವರ್ಷ ದಾಟಿತೆಂಬ ಒಂದೇ ಕಾರಣಕ್ಕೆ ಹೊಲ ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ.

ಬ್ಯಾಂಕಿನ ಸಾಲ ಪೂರ್ತಿ ತೀರಿದ ಮೇಲೆ ಮೂಲ ಕಾಗದಗಳನ್ನು 30 ದಿನಗಳೊಳಗೆ ಮರಳಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕಾಗದ ಕೈಗೆ ಬಂದ ಕೂಡಲೇ ಹೊಸ ಪಹಣಿ ತೆಗೆಸಿ, 11ನೆಯ ಕಾಲಂನಲ್ಲಿ ಸಾಲದ ನಮೂದು ಹೋಗಿದೆಯೇ ಎಂದು ನೋಡಿರಿ. ಉಳಿದಿದ್ದರೆ ಬ್ಯಾಂಕಿನ ಋಣಮುಕ್ತ ಪತ್ರವನ್ನು ಹಚ್ಚಿ ಅದನ್ನು ತೆಗೆಸಲು ಅರ್ಜಿ ಕೊಡಿರಿ.