ಕಷ್ಟದಲ್ಲಿರೋ ಹುಡುಗ ಹುಡುಗೀರಿಗೆ ಓದು, ಕೆಲಸಕ್ಕೆ ದಾರಿ ಮಾಡಿಕೊಡೋ ಸಂಸ್ಥೆಗೆ ಸಹಾಯ ಮಾಡೋದು ಹೇಗೆ?

ಬರ್ತ್‌ಡೇ ದಿನ ಕೇಕ್ ತಗೊಂಡು ಹಾಸ್ಟೆಲ್‌ಗೆ ಹೋಗೋದು, ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕೋದು, ಇದನ್ನೇ ಬಹಳ ಜನ ಸಹಾಯ ಅಂದ್ಕೊಂಡಿದಾರೆ. ಹದಿನಾರು ಹದಿನೇಳು ವರ್ಷದವರಿಗೆ ಅದು ಎಷ್ಟು ಮುಜುಗರ ಅನ್ನೋದು ಅವರ ಮುಖ ನೋಡಿದ್ರೆ ಗೊತ್ತಾಗುತ್ತೆ. ಅವರಿಗೆ ಬೇಕಿರೋದು ಬಸ್ ಪಾಸು, ಪಿಯುಸಿ ಫೀಸು, ಕಂಪ್ಯೂಟರ್ ಕಲಿಸೋ ಮೇಷ್ಟ್ರಿಗೆ ಸಂಬಳ.

ಮೊದಲು ಸಂಸ್ಥೆ ಆರಿಸಿ. ಬೆಂಗಳೂರಲ್ಲೇ 1999ರಿಂದ ಡ್ರೀಮ್ ಎ ಡ್ರೀಮ್ ಇದೆ, ಕಷ್ಟದ ಹಿನ್ನೆಲೆಯಿಂದ ಬಂದವರಿಗೆ ಜೀವನ ಕೌಶಲ ಕಲಿಸುತ್ತೆ, 1997ರಲ್ಲಿ ಶುರುವಾದ ಸಮರ್ಥನಂ ಅಂಗವಿಕಲರ ಓದು, ಕೆಲಸ ಎರಡಕ್ಕೂ ನಿಂತಿದೆ. ನಿಮ್ಮ ತಾಲೂಕಿನ ಸಣ್ಣ ಟ್ರಸ್ಟ್ ಆದ್ರೂ ಸೈ, ಆದ್ರೆ ಎನ್‌ಜಿಒ ದರ್ಪಣ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಹೆಸರು ಹುಡುಕಿ, ಹೋದ ವರ್ಷದ ಆಡಿಟ್ ರಿಪೋರ್ಟ್ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದ್ರೆ ಆ ಸಂಸ್ಥೆ ಬಿಟ್ಟುಬಿಡಿ.

ಆಮೇಲೆ ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಅಷ್ಟೇ.

ಈಗ ದುಡ್ಡಿನ ವಿಷಯ, ಜನ ಎಡವೋದು ಇಲ್ಲೇ. ಕೈಯಲ್ಲಿ ಐದು ಸಾವಿರ ಕ್ಯಾಶ್ ಕೊಟ್ಟು ಮಾರ್ಚ್‌ನಲ್ಲಿ ಟ್ಯಾಕ್ಸ್ ಉಳಿಯುತ್ತೆ ಅಂತ ಕೂತ್ರೆ ಉಳಿಯಲ್ಲ, 2,000 ರೂಪಾಯಿ ದಾಟಿದ ಕ್ಯಾಶ್‌ಗೆ 80ಜಿ, ಅಂದ್ರೆ ದೇಣಿಗೆಗೆ ಸಿಗೋ ಟ್ಯಾಕ್ಸ್ ವಿನಾಯಿತಿ, ಇಲ್ಲ. ಯುಪಿಐ, ಚೆಕ್ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, ಅದೂ ಸಂಸ್ಥೆ ಹೆಸರಿನ ಅಕೌಂಟ್‌ಗೇ, ಸೆಕ್ರೆಟರಿ ಸ್ವಂತ ನಂಬರ್‌ಗೆ ಅಲ್ಲ. ಕೊಡುವಾಗಲೇ ನಿಮ್ಮ ಪ್ಯಾನ್ ನಂಬರ್, ಪ್ಯಾನ್‌ನಲ್ಲಿರೋ ಹಾಗೇ ಹೆಸರು ಕಳಿಸಿ, ಯಾಕಂದ್ರೆ ಬರೀ ರಶೀದಿ ಸಾಲಲ್ಲ, ಸಂಸ್ಥೆಯವರು ಆದಾಯ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಿ ಮೇ 31ರೊಳಗೆ ನಿಮಗೆ ಫಾರ್ಮ್ 10ಬಿಇ ಅನ್ನೋ ಸರ್ಟಿಫಿಕೇಟ್ ಕೊಡ್ಬೇಕು, ಜೂನ್ ಬಂದ್ರೂ ಅದು ಬರದಿದ್ರೆ ಸಂಕೋಚ ಬಿಟ್ಟು ಕೇಳಿ. ಹತ್ತು ಸಾವಿರ ಕೊಟ್ರೆ ಹತ್ತು ಸಾವಿರ ಟ್ಯಾಕ್ಸ್ ಉಳಿಯುತ್ತೆ ಅಂತಲೂ ಅಲ್ಲ, ಸಾಮಾನ್ಯವಾಗಿ ಅರ್ಧ, ಅಂದ್ರೆ ಐದು ಸಾವಿರ ನಿಮ್ಮ ಆದಾಯದಿಂದ ಕಳೀತಾರೆ, ಅದೂ ಹಳೇ ಟ್ಯಾಕ್ಸ್ ಪದ್ಧತೀಲಿ ಇದ್ರೆ ಮಾತ್ರ. ಕೆಲವು ಕ್ರೌಡ್‌ಫಂಡಿಂಗ್ ಆ್ಯಪ್‌ಗಳಲ್ಲಿ ಟಿಪ್ ಅಂತ ತಾನಾಗೇ ಸೇರಿರುತ್ತೆ, ನೋಡಿ ತೆಗೀರಿ, ನನ್ನ ಕೇಳಿದ್ರೆ ಸೀದಾ ಸಂಸ್ಥೆಗೇ ಹಾಕಿ. ಹೊರದೇಶದಲ್ಲಿರೋ ಕನ್ನಡಿಗರೇ, ಪಾಸ್‌ಪೋರ್ಟ್ ಬದಲಾಗಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಆಗಿದ್ರೆ ನಿಮ್ಮ ದುಡ್ಡು ವಿದೇಶಿ ದೇಣಿಗೆ ಲೆಕ್ಕ, ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ತಗೊಳ್ಳೋಕೆ ಸರ್ಕಾರದ ಅನುಮತಿ, ಇರೋ ಸಂಸ್ಥೆ ಮಾತ್ರ ತಗೋಬಹುದು, ಇಲ್ಲಿರೋ ತಮ್ಮನ ಅಕೌಂಟ್ ಮೂಲಕ ಸುತ್ತಿಸಿ ಕಳಿಸಿದ್ರೆ ಸಂಸ್ಥೆಗೇ ತೊಂದರೆ.

ಒಂದೇ ಸಲ ದೊಡ್ಡ ಮೊತ್ತ ಕೊಡೋದಕ್ಕಿಂತ ತಿಂಗಳಿಗೆ 500 ಆದ್ರೂ ತಪ್ಪದೇ ಕೊಡಿ, ಇಂಥದ್ದಕ್ಕೇ ಖರ್ಚು ಮಾಡಿ ಅಂತ ಷರತ್ತು ಹಾಕ್ಬೇಡಿ. ಬಾಡಿಗೆ, ಕರೆಂಟ್ ಬಿಲ್ ಕಟ್ಟೋಕೆ ಯಾರೂ ಕೊಡಲ್ಲ, ಅದು ಕಟ್ಟದಿದ್ರೆ ಕ್ಲಾಸೇ ನಡೆಯಲ್ಲ.

ಹಳೇ ಬಟ್ಟೆ ಬೇಡ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಸಮೇತ, ಬ್ಯಾಟರಿ ನಿಲ್ಲೋದು, ಪಾಸ್‌ವರ್ಡ್ ತೆಗೆದದ್ದು ಕೊಡಿ. ವಸ್ತು ಕೊಟ್ರೆ 80ಜಿ ಸಿಗಲ್ಲ.

ದುಡ್ಡಿಲ್ಲ, ಟೈಮ್ ಇದೆ ಅನ್ನೋರು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದ್ರೆ ಅವರ ಪರವಾಗಿ ಉತ್ತರ ಬರೆಯೋರು, ಆಗಬಹುದು. ಯಾರು ಬರೀಬಹುದು ಅನ್ನೋ ನಿಯಮ ಪರೀಕ್ಷೆಗೊಂದು ಥರ ಇರುತ್ತೆ, ಮೊದಲೇ ಕೇಳ್ಕೊಳ್ಳಿ. ಅವರು ಹೇಳಿದ್ದನ್ನೇ ಬರೀಬೇಕು, ತಿದ್ದೋ ಹಾಗಿಲ್ಲ. ಬರೋಕಾಗಲ್ಲ ಅನ್ನೋದಿದ್ರೆ ವಾರದ ಮುಂಚೆ ಹೇಳಿ, ಬೇರೆಯವರನ್ನ ಹುಡುಕ್ತಾರೆ. ಹಿಂದಿನ ರಾತ್ರಿ ಹೇಳಿದ್ರೆ ಆ ವಿದ್ಯಾರ್ಥಿಯ ಪೇಪರ್ ಹೋಯ್ತು.