ಎಲ್ಲ ಚುಕ್ಕಿಗಳನ್ನೂ ಮುಟ್ಟಿದ ಗೆರೆ

ಥರ್ಮಿಸ್ಟರ್ ಅಂದರೆ ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಬದಲಾಗುವ ಪುಟ್ಟ ಬಿಡಿಭಾಗ. ಅದರ ರೆಸಿಸ್ಟೆನ್ಸ್ ನೋಡಿ ತಾಪಮಾನ ಹೇಳುವ ಕೋಡ್ ಬರೆಯಬೇಕಿತ್ತು. 25 ಡಿಗ್ರಿಯಲ್ಲಿ 10,000 ಓಮ್ ತೋರಿಸುವ ಮಾಮೂಲಿ ಥರ್ಮಿಸ್ಟರ್. ನೀರಲ್ಲಿ ಮುಳುಗಿಸಿ 0ಯಿಂದ 80 ಡಿಗ್ರಿವರೆಗೆ ಹತ್ತತ್ತು ಡಿಗ್ರಿಗೆ ಒಂದರಂತೆ ಒಂಬತ್ತು ಅಳತೆ ಬರೆದುಕೊಂಡೆ. ಸೊನ್ನೆಯಲ್ಲಿ ಸುಮಾರು 33,000 ಓಮ್, 80ರಲ್ಲಿ 1,300 ಆಸುಪಾಸು.

ಒಂಬತ್ತು ಚುಕ್ಕಿಗೆ ಎಂಟನೇ ಘಾತದ ಪಾಲಿನಾಮಿಯಲ್ (ಬಹುಪದೋಕ್ತಿ) ಹಾಕಿದರೆ ಎಲ್ಲವನ್ನೂ ಮುಟ್ಟುತ್ತದೆ, ಅಲ್ವಾ? ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿ ಅದನ್ನು ಹೊಂದಿಸಿ ಕೊಡುವ ಪಾಲಿಫಿಟ್‌ಗೆ ಕೊಟ್ಟೆ. ಮುಟ್ಟಿತು. ಸುಮ್ನೆ ಇರಲಾರದೆ ಚುಕ್ಕಿಗಳ ನಡುವೆಯೂ ಗೆರೆ ಎಳೆದು ನೋಡಿದೆ. 20,000 ಮತ್ತು 33,000 ಓಮ್ ನಡುವೆ ಉತ್ತರ 0ಯಿಂದ 10 ಡಿಗ್ರಿ ಒಳಗೆ ಬರಬೇಕು. ಗ್ರಾಫ್‌ನ ತಾಪಮಾನದ ಅಕ್ಷ ಸಾವಿರಗಳಿಗೆ ಹೋಗಿತ್ತು! ಬಿಸಿ ಕಡೆಯ ಚುಕ್ಕಿಗಳು ಒತ್ತೊತ್ತಾಗಿವೆ, ತಣ್ಣನೆ ಕಡೆ ದೂರ ದೂರ. ಅಂಥ ಕಡೆ ದೊಡ್ಡ ಘಾತ ಹುಚ್ಚು ಕುದುರೆ.

ಆಮೇಲೆ ಇನ್ನೊಂದು ಪೈಥಾನ್ ಲೈಬ್ರರಿ ಸೈಪೈನ ಪಿಚಿಪ್ ಹಿಡಿದೆ. ಅದು ಎರಡೆರಡು ಚುಕ್ಕಿಗಳ ನಡುವೆ ಬೇರೆ ಬೇರೆ ಮೂರನೇ ಘಾತದ ಗೆರೆ ಎಳೆಯುತ್ತದೆ. ಇದರ ಬೇರು ಫ್ರಿಟ್ಶ್, ಕಾರ್ಲ್ಸನ್ 1980ರಲ್ಲಿ ಕೊಟ್ಟ ವಿಧಾನ. ಅಳತೆ ಇಳಿಯುತ್ತಲೇ ಇದ್ದರೆ ಗೆರೆಯೂ ಇಳಿಯುತ್ತಲೇ ಇರುತ್ತದೆ, ನಡುವೆ ಉಬ್ಬುವುದಿಲ್ಲ. ಕೆಲಸಕ್ಕೆ ಸಾಕು ಅನ್ನಿಸಿತು. ಆದರೆ ಇಂಟರ್ಪೊಲೇಷನ್, ಅಂದರೆ ಹೀಗೆ ಚುಕ್ಕಿಗಳನ್ನು ಮುಟ್ಟಿಕೊಂಡೇ ನಡುವಿನದನ್ನು ತುಂಬುವುದು, ಎಲ್ಲ ಚುಕ್ಕಿಯನ್ನೂ ನಂಬುತ್ತದೆ. ನನ್ನ ಅಳತೆಯನ್ನು ನಾನೇ ಅಷ್ಟು ನಂಬಿರಲಿಲ್ಲ.

ಹಾಗಾಗಿ ಥರ್ಮಿಸ್ಟರ್‌ಗೆಂದೇ ಇರುವ 1968ರ ಸ್ಟೈನ್‌ಹಾರ್ಟ್-ಹಾರ್ಟ್ ಸಮೀಕರಣಕ್ಕೆ ಬಂದೆ: 1/ಟಿ = ಎ + ಬಿ·ಲಾಗ್ ಆರ್ + ಸಿ·(ಲಾಗ್ ಆರ್)³. ಲಾಗ್ ಅಂದರೆ ನ್ಯಾಚುರಲ್ ಲಾಗ್, ಆರ್ ರೆಸಿಸ್ಟೆನ್ಸ್, ಟಿ ಕೆಲ್ವಿನ್‌ನಲ್ಲಿ ತಾಪಮಾನ; ಎ, ಬಿ, ಸಿ ನಾವು ಹುಡುಕಬೇಕಾದ ಗುಣಾಂಕಗಳು. ನಾನು ಮೊದಲು ಸೆಲ್ಸಿಯಸ್‌ಗೆ 273.15 ಕೂಡಿಸುವುದನ್ನೇ ಮರೆತಿದ್ದೆ, ಬಿಡಿ. ಅದಕ್ಕಿಂತ ಜಾಸ್ತಿ ಹೊತ್ತು ಕಳೆದದ್ದು ಗುಣಾಂಕಗಳನ್ನು ಹುಡುಕಿ ಕೊಡುವ ಸೈಪೈನ ಕರ್ವ್‌ಫಿಟ್ ಜೊತೆ ಗುದ್ದಾಡಿ. ಟಿಯನ್ನೇ ಎಡಕ್ಕೆ ಇಟ್ಟು ಬರೆದಿದ್ದೆ. ನಾವು ಏನೂ ಕೊಡದಿದ್ದರೆ ಅದು ಎಲ್ಲ ಗುಣಾಂಕವನ್ನೂ 1 ಅಂತ ಹಿಡಿದು ಹುಡುಕಲು ಶುರು ಮಾಡುತ್ತದೆ. ಇಲ್ಲಿ ಎ ಸುಮಾರು 0.001, ಸಿ ಇನ್ನೂ ಸಾವಿರಾರು ಪಾಲು ಚಿಕ್ಕದು. ದಾರಿ ಸಿಗುವುದಾದರೂ ಹೇಗೆ? 1/ಟಿಯನ್ನೇ ಎಡಕ್ಕೆ ಇಟ್ಟುಕೊಂಡರೆ ಎ, ಬಿ, ಸಿ ಮೂರೂ ನೇರ ಗುಣಾಂಕಗಳು. ಮೂರು ಕಾಲಂ ಮಾಡಿ ಲೀಸ್ಟ್ ಸ್ಕ್ವೇರ್‌ಗೆ (ವ್ಯತ್ಯಾಸಗಳ ವರ್ಗದ ಮೊತ್ತ ಆದಷ್ಟು ಕಮ್ಮಿ ಮಾಡುವ ಲೆಕ್ಕ) ಕೊಟ್ಟೆ, ಒಂದೇ ಏಟಿಗೆ ಬಂತು.

ಫಿಟ್‌ಗೂ ಅಳತೆಗೂ ಇರುವ ವ್ಯತ್ಯಾಸವನ್ನು ಬೇರೆ ಗ್ರಾಫ್‌ನಲ್ಲಿ ಹಾಕಿದೆ. ಎಂಟು ಚುಕ್ಕಿ ಸೊನ್ನೆಯ ಹತ್ತಿರವೇ. 60 ಡಿಗ್ರಿಯದು ಮಾತ್ರ ಅರ್ಧ ಡಿಗ್ರಿ ದೂರ. ನೋಟ್‌ಬುಕ್ ತೆಗೆದರೆ, 50ಕ್ಕೂ 60ಕ್ಕೂ ನಡುವೆ ಬರೀ ಎರಡು ನಿಮಿಷ. ಉಳಿದವಕ್ಕೆಲ್ಲ ಹತ್ತು ನಿಮಿಷ ಕಾದಿದ್ದೆ. ಮತ್ತೆ ನೀರು ಕಾಯಿಸಿ, ಕಲಕುತ್ತಾ ಹತ್ತು ನಿಮಿಷ ಕಾದು ಅಳೆದೆ. ಆ ಚುಕ್ಕಿಯೂ ಸಾಲಿಗೆ ಬಂತು.